ರೊಟ್ಟಿ ಪಕ್ಕದ ಹಸಿ ತಪ್ಪಲು: ಸಂತೆಯಿಂದ ತಾಟಿನ ತನಕ ಒಂದು ಸಮಗ್ರ ಮಾರ್ಗದರ್ಶಿ

ವಿಜಯಪುರದ ಕಡೆ ಜೋಳದ ರೊಟ್ಟಿ ಊಟ ಎಂದರೆ ತಾಟಿನ ಒಂದು ಬದಿಗೆ ಹಸಿ ತಪ್ಪಲು ಇದ್ದೇ ಇರುತ್ತಿತ್ತು. ಒಂದು ಹಿಡಿ ಮೆಂತೆ, ಸೀಳಿದ ಮೂಲಂಗಿ, ಗುದ್ದಿ ಒಡೆದ ಉಳ್ಳಾಗಡ್ಡಿ, ಚಳಿಗಾಲವಾದರೆ ಹಕ್ಕರಕಿ. ಈಗಲೂ ಇದೆ, ಆದರೆ ಪ್ರಮಾಣ ಇಳಿದಿದೆ. ಎಷ್ಟೋ ಮನೆಗಳಲ್ಲಿ ಎರಡು ಚೂರು ಸವತೆಕಾಯಿ ಇಟ್ಟರೆ ಮುಗಿಯಿತು. ಖಾನಾವಳಿಯಲ್ಲಿ ಕೊಟ್ಟ ಹಸಿ ಪಲ್ಲೆಯನ್ನು ಅರ್ಧದಷ್ಟು ಜನ ಮುಟ್ಟದೇ ಏಳುತ್ತಾರೆ. ಅದನ್ನು ನೋಡಿದಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಆ ಊಟದಲ್ಲಿ ದೇಹಕ್ಕೆ ಬಹಳ ಬೇಕಾದದ್ದು ಅದೇ.

ಸಲಾಡ್ ಅಭ್ಯಾಸ ಮಾಡಿಕೊಳ್ಳಿ ಎಂದು ವೈದ್ಯರು ಹೇಳುತ್ತಾರೆ. ನಮ್ಮ ಭಾಗದಲ್ಲಿ ಹೊಸದಾಗಿ ಕಲಿಯುವುದೇನಿಲ್ಲ. ಇದ್ದ ಪದ್ಧತಿಯನ್ನೇ ಸರಿಯಾದ ಪ್ರಮಾಣದಲ್ಲಿ, ಚೆನ್ನಾಗಿ ತೊಳೆದು, ಸರಿಯಾದ ಜೊತೆಗಾರರೊಂದಿಗೆ ತಿಂದರೆ ಸಾಕು. ಆ ಮೂರನ್ನೂ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು: ಎಷ್ಟು ಬೇಕು?

ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ ತಿನ್ನಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಟಾಟೆ, ಗೆಣಸು ಇದರ ಲೆಕ್ಕಕ್ಕೆ ಬರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಇನ್ನೂ ಸುಲಭವಾಗಿ ಹೇಳುತ್ತದೆ: ತಾಟಿನ ಅರ್ಧ ಭಾಗ ತರಕಾರಿ ಮತ್ತು ಹಣ್ಣು ಇರಲಿ.

ನಮ್ಮ ತಾಟನ್ನು ಒಮ್ಮೆ ನೋಡಿ. ಎರಡು ರೊಟ್ಟಿ, ಒಂದು ಸೌಟು ಬೇಳೆ ಅಥವಾ ಕಾಳುಪಲ್ಲೆ, ಚಟ್ನಿ ಪುಡಿ, ಆಮೇಲೆ ಅನ್ನ ಸಾರು. ಅರ್ಧ ತಾಟು ಎಲ್ಲಿ ಬಂತು? ಹೀಗಾಗಿ ಮೊದಲ ಗುರಿ ಇಷ್ಟೇ ಇರಲಿ: ಮಧ್ಯಾಹ್ನ, ರಾತ್ರಿ ಎರಡೂ ಊಟದಲ್ಲಿ ಒಬ್ಬರಿಗೆ ಒಂದು ಬಟ್ಟಲು ಹಸಿ ತಪ್ಪಲು ಅಥವಾ ತರಕಾರಿ, ಇನ್ನೊಂದು ಬಟ್ಟಲು ಬೇಯಿಸಿದ ಪಲ್ಲೆ. ಅಡುಗೆ ತಕ್ಕಡಿ ಇದ್ದರೆ ಒಂದು ಸಲ 100 ಗ್ರಾಂ ಬಿಡಿಸಿದ ಮೆಂತೆ ತೂಗಿ ನೋಡಿ. ಎಷ್ಟು ದೊಡ್ಡ ರಾಶಿ ಆಗುತ್ತದೆ ಎಂದು ಕಣ್ಣಿಗೆ ಗೊತ್ತಾಗಿಬಿಡುತ್ತದೆ. ಆಮೇಲೆ ತಕ್ಕಡಿ ಬೇಕಾಗುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸರ ತಾಟಿಗೆ ಪಲ್ಲೆ ಉಳಿದಿರುತ್ತದೆಯೇ? ಇದನ್ನು ಮನೆಮಂದಿಯೆಲ್ಲ ಕೇಳಿಕೊಳ್ಳಬೇಕು. ತಪ್ಪಲು ಬಿಡಿಸಿ ಇಟ್ಟ ಕೂಡಲೇ ಒಬ್ಬೊಬ್ಬರ ಪಾಲು ಬೇರೆ ಬೇರೆ ಬಟ್ಟಲಿಗೆ ಹಾಕಿಬಿಡಿ. ಸಣ್ಣ ಉಪಾಯ, ಆದರೆ ಕೆಲಸ ಮಾಡುತ್ತದೆ.

ಯಾವುದು ಹಸಿ, ಯಾವುದು ಬೇಯಿಸಿ

ಎಲ್ಲವನ್ನೂ ಹಸಿಯಾಗಿ ತಿಂದರೇ ಒಳ್ಳೆಯದು ಎನ್ನುವ ಮಾತು ಸರಿಯಲ್ಲ. ಸಿ ಜೀವಸತ್ವ ಮತ್ತು ಫೋಲೇಟ್ (ರಕ್ತಕ್ಕೆ ಬೇಕಾದ ಒಂದು ಬಿ ಜೀವಸತ್ವ) ಬಿಸಿಗೆ ಹಾಳಾಗುತ್ತವೆ, ಬೇಯಿಸಿದ ನೀರಿಗೂ ಇಳಿದು ಹೋಗುತ್ತವೆ. ಇವುಗಳಿಗಾಗಿ ಹಸಿ ಬೇಕು. ಗಜ್ಜರಿ ಮತ್ತು ಕಡು ಹಸಿರು ಸೊಪ್ಪಿನಲ್ಲಿರುವ, ದೇಹದಲ್ಲಿ ಎ ಜೀವಸತ್ವವಾಗುವ ಬೀಟಾ ಕೆರೋಟಿನ್ ಕತೆ ಬೇರೆ. ಸ್ವಲ್ಪ ಬೆಂದು, ಎಣ್ಣೆ ಜೊತೆ ಸೇರಿದಾಗ ದೇಹ ಅದನ್ನು ಹೆಚ್ಚು ಹೀರಿಕೊಳ್ಳುತ್ತದೆ. ಅದಕ್ಕೇ ಎರಡೂ ಬೇಕು.

ಹಸಿಯಾಗಿ ತಿನ್ನಲು ನಮ್ಮಲ್ಲಿ ಸಿಗುವವು: ಎಳೆ ಮೆಂತೆ, ಹಕ್ಕರಕಿ, ಮೂಲಂಗಿ ಮತ್ತು ಅದರ ಎಳೆ ಎಲೆ, ಉಳ್ಳಾಗಡ್ಡಿ ಮತ್ತು ಅದರ ತಪ್ಪಲು, ಕೊತ್ತಂಬರಿ, ಪುದೀನಾ, ಸವತೆಕಾಯಿ, ಗಜ್ಜರಿ, ಟೊಮೆಟೊ, ಡೊಣ್ಣ ಮೆಣಸಿನಕಾಯಿ, ಚಳಿಗಾಲದಲ್ಲಿ ಕಡಲೆ ಕುಡಿ. ಮೂಲಂಗಿ ಎಲೆಯನ್ನು ಎಸೆಯುವವರೇ ಜಾಸ್ತಿ. ಗಡ್ಡೆಗಿಂತ ಎಲೆಯಲ್ಲೇ ಸಿ ಜೀವಸತ್ವ, ಕ್ಯಾಲ್ಸಿಯಂ ಹೆಚ್ಚಿರುತ್ತದೆ. ಬಲಿತ ಎಲೆಯನ್ನು ಹೆಸರುಬೇಳೆ ಹಾಕಿ ಪಲ್ಲೆ ಮಾಡಿ.

ಬೇಯಿಸಬೇಕಾದವು: ರಾಜಗಿರಿ, ಪುಂಡಿ, ನುಗ್ಗೆ ಸೊಪ್ಪು, ಕುಸುಬಿ ಸೊಪ್ಪು, ಚವಳಿಕಾಯಿ, ಬದನೆಕಾಯಿ, ಹೂಕೋಸು, ಎಲ್ಲ ಬಗೆಯ ಹಸಿ ಕಾಳು. ಪಾಲಕವನ್ನೂ ಇಲ್ಲಿಗೇ ಸೇರಿಸುತ್ತೇನೆ. ಪಾಲಕ, ರಾಜಗಿರಿ, ಪುಂಡಿಯಲ್ಲಿ ಕಿಡ್ನಿ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಎಂಬ ಅಂಶ ಹೆಚ್ಚು. ಕುದಿಯುವ ನೀರಿನಲ್ಲಿ ಅದ್ದಿ ಆ ನೀರು ಚೆಲ್ಲಿದರೆ ಅದು ಸಾಕಷ್ಟು ಕಡಿಮೆಯಾಗುತ್ತದೆ. ಪುಂಡಿಪಲ್ಲೆಗೆ ಜೋಳದ ನುಚ್ಚು, ತೊಗರಿಬೇಳೆ, ಶೇಂಗಾ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಡುವ ಪದ್ಧತಿ ಎಷ್ಟು ಜಾಣತನದ್ದು ನೋಡಿ. ಹುಳಿ ತಗ್ಗುತ್ತದೆ, ಹೊಟ್ಟೆಯೂ ತುಂಬುತ್ತದೆ.

ಹಕ್ಕರಕಿ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಲೇಬೇಕು. ಇದನ್ನು ಯಾರೂ ಬಿತ್ತುವುದಿಲ್ಲ. ಎರೆ ಹೊಲದಲ್ಲಿ, ಜೋಳದ ಸಾಲಿನ ನಡುವೆ ತಾನೇ ಹುಟ್ಟುತ್ತದೆ. ನೆಲಕ್ಕೆ ಒತ್ತಿಕೊಂಡು ಬೆಳೆಯುತ್ತದೆ, ಸ್ವಲ್ಪ ಕಹಿ. ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರಿನ ಜೊತೆ ಅದರ ರುಚಿಗೆ ಸಾಟಿ ಇಲ್ಲ. ಕಳೆನಾಶಕ ಹೊಡೆದ ಹೊಲದಲ್ಲಿ ಮಾತ್ರ ಕೀಳಬೇಡಿ. ಹೊಲದ ಸೊಪ್ಪನ್ನು ಗುರುತಿಸಲು ಬರದಿದ್ದರೆ ಗೊತ್ತಿರುವ ಹಿರಿಯರ ಜೊತೆಗೇ ಹೋಗಿ. ನೋಡಲು ಒಂದೇ ಥರ ಕಾಣುವ ಗಿಡಗಳಿರುತ್ತವೆ, ಅಂದಾಜಿನ ಮೇಲೆ ಕಿತ್ತು ತಿನ್ನುವುದು ಬೇಡ.

ಕಡಲೆ ಕುಡಿಯೂ ಹಾಗೇ. ಬಿತ್ತಿ ತಿಂಗಳಾದ ಮೇಲೆ ಕುಡಿ ಚಿವುಟಿದರೆ ಗಿಡಕ್ಕೆ ಕವಲು ಹೆಚ್ಚಾಗುತ್ತದೆ. ಹೊಲಕ್ಕೂ ಲಾಭ, ಮನೆಗೂ ಪಲ್ಲೆ. ಎಲೆಯ ಮೇಲೆ ಮ್ಯಾಲಿಕ್ ಮತ್ತು ಆಕ್ಸಲಿಕ್ ಆಮ್ಲ ಒಸರುವುದರಿಂದ ಅದಕ್ಕೆ ಹುಳಿ ರುಚಿ ಬರುತ್ತದೆ. ಕಾಯಿಕೊರಕಕ್ಕೆ ಔಷಧಿ ಸಿಂಪಡಿಸಿದ ಹೊಲವಾದರೆ ಕೈ ಹಾಕಬೇಡಿ. ಹೊಲದವರನ್ನು ಕೇಳಿಯೇ ಕೀಳಿ.

ಕೊಳ್ಳುವಾಗ

ಸುತ್ತಲಿನ ಹಳ್ಳಿಗಳಿಂದ ಹೆಣ್ಣುಮಕ್ಕಳು ಬೆಳಿಗ್ಗೆ ಪುಟ್ಟಿಯಲ್ಲಿ ತಪ್ಪಲು ತರುತ್ತಾರೆ. ವಿಜಯಪುರದ ಎಲ್‌ಬಿಎಸ್ ಮಾರುಕಟ್ಟೆ ಇರಲಿ, ಊರ ಸಂತೆ ಇರಲಿ, ಬೇಗ ಹೋದರೆ ತಾಜಾ ಸಿಗುತ್ತದೆ. ಎಲೆ ಮುರಿದರೆ ಚಟ್ ಎನ್ನಬೇಕು. ಸೂಡಿನ ನಡುಭಾಗ ಬಿಚ್ಚಿ ನೋಡಿ, ಕೊಳೆತರೆ ಅಲ್ಲೇ ಮೊದಲು ಕೊಳೆಯುತ್ತದೆ. ಹುಳು ತಿಂದ ಒಂದೆರಡು ತೂತು ಇದ್ದರೆ ಹೆದರಬೇಕಾಗಿಲ್ಲ. ಮೂಗಿಗೆ ಔಷಧಿ ವಾಸನೆ ಹೊಡೆದರೆ ಬಿಟ್ಟುಬಿಡಿ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ: "ಆಯಿ, ಇದು ಯಾವ ನೀರಿನ್ಯಾಗ ಬೆಳದದ್ದರಿ?" ಬಾವಿ, ಬೋರು, ಕಾಲುವೆ ನೀರಿನದಾದರೆ ತೆಗೆದುಕೊಳ್ಳಿ. ಊರ ಹೊಲಸು ನೀರು ಹರಿಯುವ ಹಳ್ಳದ ದಂಡೆಯಲ್ಲಿ ಬೆಳೆದದ್ದಾದರೆ ಹಸಿಯಾಗಿ ತಿನ್ನಲು ಬೇಡವೇ ಬೇಡ. ಮನುಷ್ಯರ ಮಲ ಸೇರಿದ ನೀರಿನಿಂದ ಟೈಫಾಯಿಡ್, ಆಮಶಂಕೆ ಮಾತ್ರವಲ್ಲ, ಲಾಡಿಹುಳದ ಮೊಟ್ಟೆಗಳೂ ಸೊಪ್ಪಿಗೆ ಅಂಟಿಕೊಳ್ಳುತ್ತವೆ. ಹಂದಿಯಿಂದ ಬರುವ ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋದರೆ ಅದರ ಮರಿ ಮಿದುಳಿಗೆ ಸೇರಿ ಫಿಟ್ಸ್ ತರಬಲ್ಲದು. ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುವುದು ಹೀಗೇ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನೀರು ಯಾವುದೆಂದು ಗೊತ್ತಾಗದಿದ್ದರೆ ಚೆನ್ನಾಗಿ ಬೇಯಿಸಿ ತಿನ್ನಿ. ಬೆಂದರೆ ಆ ಮೊಟ್ಟೆ ಉಳಿಯುವುದಿಲ್ಲ.

ತೊಳೆಯುವ ಕ್ರಮ

ಇಲ್ಲಿ ಅವಸರ ಮಾಡಬೇಡಿ. ಎರೆ ಮಣ್ಣು ಎಲೆಗೆ ಅಂಟಿದರೆ ಬಿಡುವುದೇ ಕಷ್ಟ.

1. ಮೊದಲು ಬೇರು ಕತ್ತರಿಸಿ ತೆಗೆಯಿರಿ. ಹಳದಿ ಎಲೆ, ಹುಲ್ಲು, ಕೊಳೆತ ಕಡ್ಡಿ ಆರಿಸಿ. ಸೂಡು ಕಟ್ಟಿದ ಹಾಗೇ ನೀರಿಗೆ ಹಾಕಬೇಡಿ.

2. ಅಗಲ ಬೋಗುಣಿಯಲ್ಲಿ ಅಥವಾ ಪಾತೆಲೆಯಲ್ಲಿ ಜಾಸ್ತಿ ನೀರು ತುಂಬಿ ಎಲೆ ಮುಳುಗಿಸಿ, ಕೈಯಿಂದ ಆಡಿಸಿ. ಆಮೇಲೆ ಎಲೆಯನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ಬಹಳ ಜನ ನೀರನ್ನು ಬಸಿಯುತ್ತಾರೆ. ಹಾಗೆ ಮಾಡಿದರೆ ತಳಕ್ಕೆ ಇಳಿದ ಮಣ್ಣು ಮತ್ತೆ ಎಲೆಯ ಮೇಲೇ ಬಂದು ಕೂರುತ್ತದೆ. ತಳದಲ್ಲಿ ಮಣ್ಣು ಕಾಣದಾಗುವ ತನಕ ನೀರು ಬದಲಿಸುತ್ತಾ ಇರಿ. ಸಾಮಾನ್ಯವಾಗಿ ಮೂರು ಸಲ ಬೇಕಾಗುತ್ತದೆ.

3. ಒಂದು ಲೀಟರ್ ನೀರಿಗೆ ಎರಡು ಚಮಚ ಉಪ್ಪು ಹಾಕಿ ಹತ್ತು ನಿಮಿಷ ನೆನೆಸಿಡಿ. ಸಣ್ಣ ಹುಳುಗಳು ಎಲೆ ಬಿಟ್ಟು ಹೊರಬರುತ್ತವೆ. ಔಷಧಿಯ ಅಂಶವೂ ಒಂದಿಷ್ಟು ಹೋಗುತ್ತದೆ. ಆದರೆ ಉಪ್ಪು ನೀರು ಎಲ್ಲ ರೋಗಾಣುಗಳನ್ನೂ ಕೊಲ್ಲುತ್ತದೆ ಎಂದು ನಂಬಬೇಡಿ. ಕೊಳ್ಳುವಾಗಿನ ಎಚ್ಚರಿಕೆಗೆ ಬದಲಿ ಇಲ್ಲ.

4. ಕೊನೆಗೆ ಹರಿಯುವ ನೀರಿನಲ್ಲಿ ತೊಳೆಯಿರಿ. ಹಸಿ ತಿನ್ನುವ ತಪ್ಪಲಿಗೆ ಕೊನೆಯ ನೀರು ಕುಡಿಯುವ ನೀರೇ ಆಗಿರಲಿ.

5. ಸ್ವಚ್ಛ ಅರಿವೆಯ ಮೇಲೆ ಹರವಿ ನೀರು ಆರಲು ಬಿಡಿ. ತೊಳೆದ ಮೇಲೇ ಹೆಚ್ಚಿ, ಹೆಚ್ಚಿದ ಮೇಲೆ ತೊಳೆದರೆ ಸತ್ವ ನೀರಿಗೆ ಹೋಗುತ್ತದೆ. ಊಟಕ್ಕೆ ಕೂರುವ ಸ್ವಲ್ಪ ಮುಂಚೆ ಹೆಚ್ಚಿದರೆ ಇನ್ನೂ ಒಳ್ಳೆಯದು. ಮಾಂಸ ಕತ್ತರಿಸುವ ಚಾಕು, ಹಲಗೆ ಇದಕ್ಕೆ ಬಳಸಬೇಡಿ.

ಸವತೆಕಾಯಿ, ಗಜ್ಜರಿ, ಮೂಲಂಗಿಯನ್ನು ಹರಿಯುವ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆದರೆ ಸಾಕು. ಮಣ್ಣಿನ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಿ. ಉಪ್ಪಿನ ನೀರು ಮಾತ್ರ ಗಿಡಕ್ಕೆ ಬೇಡ.

ಬಿಸಿಲ ನಾಡಿನಲ್ಲಿ ಇಡುವುದು ಹೇಗೆ

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ತಂದ ಮೆಂತೆ ಮಧ್ಯಾಹ್ನಕ್ಕೆ ಬಾಡಿ ಹೋಗುತ್ತದೆ. ಫ್ರಿಜ್ ಇದ್ದರೆ ತೊಳೆಯದೆ, ಬೇರು ಮಾತ್ರ ಕತ್ತರಿಸಿ, ಒಣ ಅರಿವೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಮೂರು ದಿನಕ್ಕೆ ತೊಂದರೆ ಇಲ್ಲ. ಫ್ರಿಜ್ ಇಲ್ಲದಿದ್ದರೆ ಒದ್ದೆ ಅರಿವೆ ಸುತ್ತಿ, ಗಾಳಿಯಾಡುವ ನೆರಳಿನಲ್ಲಿ, ನೀರಿನ ಮಡಕೆ ಪಕ್ಕ ಇಟ್ಟು ಅದೇ ದಿನ ಮುಗಿಸಿ. ಕೊತ್ತಂಬರಿ, ಪುದೀನಾವನ್ನು ಕಡ್ಡಿ ಸಹಿತ ಒಂದು ಲೋಟ ನೀರಿನಲ್ಲಿ ನಿಲ್ಲಿಸಬಹುದು.

ಚಳಿಗಾಲದಲ್ಲಿ ಕಡಲೆ ಸೊಪ್ಪು, ಮೆಂತೆ ಧಾರಾಳ. ನೆರಳಿನಲ್ಲಿ ಒಣಗಿಸಿ ಡಬ್ಬಿ ತುಂಬಿಡಿ. ಬಿಸಿಲಿಗಿಂತ ನೆರಳಲ್ಲಿ ಒಣಗಿದ್ದರಲ್ಲಿ ಬಣ್ಣ, ಕೆರೋಟಿನ್ ಎರಡೂ ಹೆಚ್ಚು ಉಳಿಯುತ್ತವೆ. ಸಿ ಜೀವಸತ್ವ ಮಾತ್ರ ಬಹುಪಾಲು ಹೋಗಿರುತ್ತದೆ. ಅದನ್ನು ಲಿಂಬೆಯಿಂದ ತುಂಬಿಕೊಳ್ಳಬೇಕು.

ತಾಟಿಗೆ ತರುವ ಬಗೆ

ಕಡ್ಡಿ ಸಮೇತ ಹಾಗೇ ತಿನ್ನುವುದು ಒಂದು ಸುಖ. ಹಲ್ಲು ಸರಿಯಿಲ್ಲದವರಿಗೆ, ಮಕ್ಕಳಿಗೆ ಪಚಡಿಯೇ ಸರಿ. ನಾಲ್ಕು ಜನರಿಗೆ ನಾನು ಹೇಳುವ ಅಳತೆ ಇದು: ಸಣ್ಣಗೆ ಹೆಚ್ಚಿದ ಮೆಂತೆ ಎರಡು ಬಟ್ಟಲು, ಒಂದು ಉಳ್ಳಾಗಡ್ಡಿ, ಒಂದು ಸವತೆಕಾಯಿ, ಒಂದು ಗಜ್ಜರಿ ತುರಿ, ಒಂದು ಹಸಿ ಮೆಣಸಿನಕಾಯಿ, ಒಂದು ಹಿಡಿ ಕೊತ್ತಂಬರಿ. ಇದಕ್ಕೆ ಎರಡು ದೊಡ್ಡ ಚಮಚ ಹುರಿದ ಶೇಂಗಾ ಪುಡಿ, ಒಂದು ಸಣ್ಣ ಚಮಚ ಗುರೆಳ್ಳು ಪುಡಿ, ಎರಡು ಸಣ್ಣ ಚಮಚ ಕುಸುಬಿ ಎಣ್ಣೆ, ಅರ್ಧ ಲಿಂಬೆ ಹೋಳಿನ ರಸ. ಉಪ್ಪು ಕೊನೆಗೆ, ಕಾಲು ಚಮಚ ಮಾತ್ರ. ಮೊದಲೇ ಹಾಕಿದರೆ ನೀರು ಬಿಟ್ಟುಕೊಂಡು ಸಪ್ಪಗಾಗುತ್ತದೆ. ಮೆಂತೆಯ ಕಹಿ ಬೇಡ ಎನ್ನುವವರಿಗೆ ಎರಡು ಚಮಚ ಮೊಸರು ಸೇರಿಸಿ.

ಇದರಲ್ಲಿ ಒಂದೊಂದಕ್ಕೂ ಕೆಲಸವಿದೆ. ಎಣ್ಣೆ ಮತ್ತು ಶೇಂಗಾದ ಕೊಬ್ಬು ಇಲ್ಲದಿದ್ದರೆ ಕೆರೋಟಿನ್, ಕೆ ಜೀವಸತ್ವ ಮೈಗೆ ಹತ್ತುವುದು ಕಡಿಮೆ. ಇನ್ನು ಲಿಂಬೆ. ಜೋಳ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದೇ ಊಟದಲ್ಲಿ ಸಿ ಜೀವಸತ್ವ ಇದ್ದರೆ ಹೀರಿಕೊಳ್ಳುವುದು ಹೆಚ್ಚಾಗುತ್ತದೆ. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಇಂಡಿ ಲಿಂಬೆ ನಮ್ಮ ಜಿಲ್ಲೆಯದೇ. ಪ್ರತಿ ಊಟಕ್ಕೂ ಒಂದು ಹೋಳು ಇರಲಿ, ಬಿಸಿ ಸಾರಿಗೆ ಹಾಕಿ ಕುದಿಸದೆ ತಾಟಿನಲ್ಲೇ ಹಿಂಡಿಕೊಳ್ಳಿ.

ಊಟ ಮುಗಿದ ಕೂಡಲೇ ಚಹಾ ಕುಡಿಯುವ ರೂಢಿ ಬಿಡಬೇಕು. ಚಹಾದ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ತಾಸಾದರೂ ತಡೆಯಿರಿ. ರಕ್ತ ಕಡಿಮೆ ಇರುವವರು ಇದನ್ನು ಕಡ್ಡಾಯ ಎಂದುಕೊಳ್ಳಿ. ಹಾಗಂತ ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸಬೇಡಿ. ಸೊಪ್ಪೊಂದರಿಂದಲೇ ರಕ್ತಹೀನತೆ ವಾಸಿಯಾಗುವುದಿಲ್ಲ.

ಸಕ್ಕರೆ ಕಾಯಿಲೆ ಇರುವವರಿಗೆ ಇನ್ನೊಂದು ಮಾತು. ಹಸಿ ತಪ್ಪಲಿನ ಬಟ್ಟಲನ್ನು ಮೊದಲು ಖಾಲಿ ಮಾಡಿ, ಆಮೇಲೆ ರೊಟ್ಟಿ ಮುರಿಯಿರಿ, ಅನ್ನ ಕೊನೆಗೆ. ನಾರು ಮೊದಲು ಹೋದರೆ ರಕ್ತದಲ್ಲಿ ಸಕ್ಕರೆ ಏರುವುದು ನಿಧಾನವಾಗುತ್ತದೆ. ತಿನ್ನುವ ಪದಾರ್ಥ ಅದೇ, ಕ್ರಮ ಮಾತ್ರ ಬೇರೆ.

ವರ್ಷಪೂರ್ತಿ ಹೊಂದಿಸಿಕೊಳ್ಳುವುದು

ನವೆಂಬರಿನಿಂದ ಫೆಬ್ರುವರಿ ನಮ್ಮ ಸುಗ್ಗಿ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಎಲ್ಲವೂ ಕೈಗೆ ಸಿಗುತ್ತದೆ. ಹಕ್ಕರಕಿ, ಕಡಲೆ, ಮೂಲಂಗಿ, ಗಜ್ಜರಿ ಇವನ್ನು ಆಗ ಮನಸಾರೆ ತಿನ್ನಿ. ಮಳೆಗಾಲದಲ್ಲಿ ರಾಜಗಿರಿ, ಪುಂಡಿ ಚೆನ್ನಾಗಿ ಬರುತ್ತವೆ. ಆಗ ಹಸಿ ಸೊಪ್ಪು ಕಡಿಮೆ ಮಾಡಿ ಬೇಯಿಸಿದ್ದನ್ನು ಹೆಚ್ಚಿಸುವುದು ಒಳ್ಳೆಯದು, ಕೆಸರು ನೀರಿನಿಂದ ಸೋಂಕು ಹೆಚ್ಚು. ಕಷ್ಟ ಇರುವುದು ಬೇಸಿಗೆಯಲ್ಲಿ. ಸೊಪ್ಪು ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಆಗ ಸವತೆಕಾಯಿ, ಉಳ್ಳಾಗಡ್ಡಿ, ಟೊಮೆಟೊ, ಮೊಳಕೆ ಬಂದ ಹೆಸರು ಅಥವಾ ಮಡಿಕೆ ಕಾಳು ಕೈ ಹಿಡಿಯುತ್ತವೆ. ಮೊಳಕೆ ಕಾಳನ್ನು ಒಂದು ಕುದಿ ಬರಿಸಿ ತಿನ್ನಿ. ಗರ್ಭಿಣಿಯರು, ಚಿಕ್ಕ ಮಕ್ಕಳು ಹಸಿ ಮೊಳಕೆ ತಿನ್ನಬಾರದು.

ಬೆಳಗಾವಿ ಕಡೆಯವರಿಗೆ ಈ ತಾಪತ್ರಯ ಕಡಿಮೆ. ಅಲ್ಲಿ ಬೆಳೆದ ಕಾಯಿಪಲ್ಲೆ ಗೋವಾಕ್ಕೂ ಹೋಗುತ್ತದೆ.

ಎಚ್ಚರ ಬೇಕಾದವರು

ರಕ್ತ ತೆಳುವಾಗಿಸುವ ವಾರ್ಫರಿನ್ ಥರದ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ದಿಢೀರನೆ ಏರಿಸಬಾರದು, ಇಳಿಸಲೂಬಾರದು. ಸೊಪ್ಪಿನ ಕೆ ಜೀವಸತ್ವ ಆ ಔಷಧಿಗೆ ಎದುರಾಗಿ ಕೆಲಸ ಮಾಡುತ್ತದೆ. ದಿನವೂ ಒಂದೇ ಸಮ ತಿನ್ನಿ, ವೈದ್ಯರಿಗೆ ತಿಳಿಸಿ. ಕಿಡ್ನಿ ಕೆಲಸ ಕಡಿಮೆಯಾದವರು ಪೊಟ್ಯಾಸಿಯಂ ಕಾರಣಕ್ಕೆ ವೈದ್ಯರನ್ನು ಕೇಳಿಯೇ ತಿನ್ನಬೇಕು. ಕಿಡ್ನಿ ಕಲ್ಲು ಆದವರು ಪಾಲಕ, ರಾಜಗಿರಿ, ಪುಂಡಿ ತಗ್ಗಿಸಿ, ಮೆಂತೆ, ಸವತೆಕಾಯಿಯತ್ತ ತಿರುಗಿ. ಸೊಪ್ಪಿನ ಜೊತೆ ಮೊಸರು ಇದ್ದರೆ ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿಯುತ್ತದೆ. ಮೆಂತೆ ತಿನ್ನುತ್ತೇನೆ ಎಂದು ಸಕ್ಕರೆ ಮಾತ್ರೆ ಬಿಡುವವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ.

ಇಷ್ಟು ದಿನ ಹೆಚ್ಚು ತಿನ್ನದವರು ವಾರ ವಾರ ಸ್ವಲ್ಪ ಸ್ವಲ್ಪವೇ ಏರಿಸಿ, ನೀರು ಜಾಸ್ತಿ ಕುಡಿಯಿರಿ. ಒಮ್ಮೆಲೇ ಏರಿಸಿದರೆ ಹೊಟ್ಟೆ ಉಬ್ಬುತ್ತದೆ. ಚಿಕ್ಕ ಮಕ್ಕಳಿಗೆ ಗಜ್ಜರಿ ತುಂಡು ಕೊಡಬೇಡಿ, ಗಂಟಲಿಗೆ ಸಿಕ್ಕಬಹುದು. ತುರಿದು ಕೊಡಿ.

ಮಾಳಿಗೆ ಮೇಲೆ ಬೆಳೆಯುವುದು

ನೀರು ಯಾವುದು, ಔಷಧಿ ಎಷ್ಟು ಎಂಬ ಚಿಂತೆ ತಪ್ಪಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಒಂದು ಅಡಿ ಆಳ ಬೇಕಾಗಿಲ್ಲ, ಆರು ಇಂಚು ಮಣ್ಣು ಹಿಡಿಯುವ ಹಳೆ ಟಬ್ ಸಾಕು. ತಳದಲ್ಲಿ ತೂತು ಇರಲಿ. ಬರೀ ಎರೆ ಮಣ್ಣು ತುಂಬಿದರೆ ನೀರು ನಿಂತು ಬಿರುಕು ಬಿಡುತ್ತದೆ. ಅರ್ಧ ಮಣ್ಣು, ಉಳಿದರ್ಧ ಕೊಳೆತ ಸಗಣಿ ಗೊಬ್ಬರ ಮತ್ತು ಮರಳು ಬೆರೆಸಿ.

ಅಡುಗೆಮನೆಯ ಮೆಂತೆ ಕಾಳನ್ನೇ ರಾತ್ರಿ ನೆನೆಸಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. 25ರಿಂದ 30 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು, ಅದಕ್ಕೆ ಒಂದೂವರೆ ತಿಂಗಳು ಹಿಡಿಯುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣ ಹಚ್ಚಿದ ಬಿತ್ತನೆ ಬೀಜಕ್ಕೆ ಔಷಧಿ ಲೇಪನ ಇರುತ್ತದೆ. ಅದನ್ನು ಮೊಳಕೆ ಬರಿಸಿ ತಿನ್ನಲು ಬಳಸಲೇಬೇಡಿ. ಬೀಜ, ಸಸಿಯ ಬಗ್ಗೆ ಸಂದೇಹ ಇದ್ದರೆ ಬಾಗಲಕೋಟೆಯಲ್ಲಿ 2008ರಲ್ಲಿ ಶುರುವಾದ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಮಾರ್ಚಿನಿಂದ ಟಬ್‌ಗಳ ಮೇಲೆ ನೆರಳು ಪರದೆ ಅಥವಾ ಹಳೆ ಸೀರೆ ಕಟ್ಟಿ. ಬೆಳಿಗ್ಗೆ, ಸಂಜೆ ನೀರು ಕೊಡಿ. ಎಲ್ಲ ಟಬ್‌ಗೂ ಒಂದೇ ದಿನ ಬಿತ್ತಬೇಡಿ. ವಾರಕ್ಕೊಂದು ಟಬ್ ಬಿತ್ತುತ್ತಾ ಹೋದರೆ ಐದನೇ ವಾರದಿಂದ ಪ್ರತಿ ವಾರವೂ ಒಂದು ಟಬ್ ಎಳೆ ಮೆಂತೆ ಕೊಯ್ಯಬಹುದು. ಕೊಯ್ಯುವಾಗ ಬೇರು ಸಹಿತ ಕೀಳದೆ ಎರಡು ಇಂಚು ಬಿಟ್ಟು ಕತ್ತರಿಯಿಂದ ಕತ್ತರಿಸಿದರೆ ಅದೇ ಬುಡದಿಂದ ಇನ್ನೊಂದು ಸಲ ಚಿಗುರು ಬರುತ್ತದೆ.